ಮೆತ್ತಗೆ ಮಾತಾಡು, ಹುಳ ಜ್ವರಕ್ಕೆ ಕೂತಿವೆ

ಹೋದ ಮಳೆಗಾಲದ ಒಂದು ರಾತ್ರಿ. ಬಿಡದಿಯಿಂದ ಬರುವ ಬಸ್ಸು ತಡವಾಗಿ, ಚನ್ನಪಟ್ಟಣದಲ್ಲಿ ಇಳಿದು, ಸಿಕ್ಕ ಆಟೋ ಹತ್ತಿ ಬೈರಾಪಟ್ಟಣದ ಮನೆ ಮುಟ್ಟುವಾಗ ಒಂಬತ್ತೂವರೆ. ಕೆಲಸದ ಕಡೆ ಸೂಪರ್‌ವೈಸರ್ ನಾಲ್ಕು ಜನರ ಮುಂದೆ ಅಂದ ಮಾತು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಹುಳಮನೆ ಬಾಗಿಲಲ್ಲಿ ನಿಂತು ಹೆಂಡತಿಯ ಮೇಲೆ ಕೂಗಾಡಿದೆ. ಯಾಕೆ ಅಂತ ಈಗ ಕೇಳಿದರೆ ಹೇಳಲಾರೆ. ಸಾರು ಆರಿತ್ತೋ, ಫೋನ್ ಎತ್ತಿರಲಿಲ್ಲವೋ. ಅವಳು ಜರಡಿಯಲ್ಲಿ ಸುಣ್ಣದ ಪುಡಿ ಹಿಡಿದು ಹುಳದ ಹಾಸಿಗೆಯ ಮೇಲೆ ತೆಳ್ಳಗೆ ಉದುರಿಸುತ್ತಿದ್ದಳು. ತಿರುಗಿ ಕೂಡ ನೋಡದೆ, 'ಮೆತ್ತಗೆ ಮಾತಾಡು, ಹುಳ ಜ್ವರಕ್ಕೆ ಕೂತಿವೆ' ಅಂದಳು.

ನನ್ನ ಮೇಲೆ ಕೂಗಬೇಡ ಅನ್ನಲಿಲ್ಲ. ಹುಳಕ್ಕಾಗಿ ಕೇಳಿಕೊಂಡಳು. ತನಗಾಗಿ ಕೇಳಿದರೆ ನಾನು ದನಿ ತಗ್ಗಿಸುವವನಲ್ಲ ಅನ್ನುವುದು ಇಷ್ಟು ವರ್ಷದಲ್ಲಿ ಅವಳಿಗೆ ಗೊತ್ತಾಗಿತ್ತು. ಹುಳ ಅಂದ ಕೂಡಲೇ ನಾನು ಬಾಯಿ ಮುಚ್ಚಿದ್ದೂ ನಿಜ.

ರೇಷ್ಮೆ ಕಾಣದವರಿಗೆ ಇಷ್ಟು ಹೇಳಬೇಕು. ಮೊಟ್ಟೆಯಿಂದ ಹೊರಬಿದ್ದು ಗೂಡು ಕಟ್ಟುವವರೆಗಿನ 25ರಿಂದ 28 ದಿನದಲ್ಲಿ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ಲೆಕ್ಕ. ಜ್ವರ ಬಂದ ಹುಳ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿ. ಆ ಹೊತ್ತಿನಲ್ಲಿ ಸೊಪ್ಪು ಹಾಕುವಂತಿಲ್ಲ, ತಟ್ಟೆ ಕದಲಿಸುವಂತಿಲ್ಲ. ಹಾಸಿಗೆ ಒದ್ದೆಯಾಗದ ಹಾಗೆ ಸುಣ್ಣ ಉದುರಿಸಬೇಕು, ಗಾಳಿಯಾಡಲು ಕಿಟಕಿ ತೆರೆಯಬೇಕು. ನಾಲ್ಕು ಹುಳ ಎದ್ದವು ಅಂತ ಆತುರಕ್ಕೆ ಸೊಪ್ಪು ಹರಡಿದರೆ ಬೆಳೆ ಏರುಪೇರಾಗುತ್ತದೆ. ಮೊದಲು ಎದ್ದವು ತಿಂದು ಬಲಿಯುತ್ತವೆ, ಹಿಂದೆ ಬಿದ್ದವು ಹಿಂದೆಯೇ ಉಳಿಯುತ್ತವೆ. ಅದಕ್ಕೇ ಮುಕ್ಕಾಲು ಮೂರುವೀಸ ಎದ್ದರೂ ಸಾಲದು, ಹೆಚ್ಚುಕಡಿಮೆ ಎಲ್ಲವೂ ಏಳುವ ತನಕ ಕಾಯುತ್ತೇವೆ. 100 ಮೊಟ್ಟೆ, ಅಂದರೆ 100 ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು, ನಲವತ್ತು ಸಾವಿರಕ್ಕೂ ಮೇಲ್ಪಟ್ಟ ಹುಳ. ಅಷ್ಟಕ್ಕೂ ತಿಂಗಳಿಗೆ ನಾಲ್ಕು ಸಲ ಬಿಡುವು ಕೊಡುವ ನಾವು, ಸೊಪ್ಪು ಹಾಕುವ ಒಂದು ಜೀವಕ್ಕೆ ವರ್ಷಕ್ಕೆ ಎಷ್ಟು ದಿನ ಕೊಟ್ಟಿದ್ದೇವೆ? ಎದೆ ಮುಟ್ಟಿಕೊಂಡು ಹೇಳಿ.

ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು ಆ ಮನೆಯನ್ನ. ಇಡೀ ಬಾಳಿಗೆ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚನ್ನು ಹುಳ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ಅದು ಸೊಪ್ಪು ತಿನ್ನುವ ಸದ್ದು ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತದೆ. ಬೆಳಗಿನ ಜಾವ ಒಂದು ಸಲ, ಮಧ್ಯಾಹ್ನ ಒಂದು ಸಲ, ಮಲಗುವ ಮುಂಚೆ ಒಂದು ಸಲ ಸೊಪ್ಪು. ನಡುವೆ ಹಸು, ಹಾಲಿನ ಡೇರಿ, ಮುದ್ದೆ, ಮಕ್ಕಳ ಬ್ಯಾಗು, ಅತ್ತೆಯ ಸಕ್ಕರೆ ಮಾತ್ರೆ. ಅವಳನ್ನು ಯಾರಾದರೂ 'ಏನು ಕೆಲಸ ಮಾಡ್ತೀರ?' ಅಂದರೆ 'ಮನೇಲೇ ಇದ್ದೀನಿ' ಅನ್ನುತ್ತಾಳೆ.

ಇದನ್ನು ಬರೆಯಲು ಕೂತದ್ದು ಒತ್ತಡ ಅನ್ನುವ ಮಾತಿನ ಮೇಲಿನ ಸಿಟ್ಟಿನಿಂದ. ನಮ್ಮೂರಲ್ಲಿ ಯಾರೂ ಒತ್ತಡ ಅನ್ನುವುದಿಲ್ಲ, ಟೆನ್ಷನ್ ಅನ್ನುತ್ತಾರೆ. ತಲೆ ಕೆಟ್ಟೋಗಿದೆ, ಎದೆ ಡವಗುಟ್ಟುತ್ತೆ, ನಿದ್ದೆ ಹತ್ತಲ್ಲ, ಬಿ.ಪಿ. ಏರ್‌ಬಿಟ್ಟಿದೆ ಅನ್ನುತ್ತಾರೆ. ಅವರ ಮುಂದೆ ಮೊಬೈಲಿನಲ್ಲಿ ಯಾರೋ ಬಿಳಿ ಬಟ್ಟೆಯವರು ಕಣ್ಣು ಮುಚ್ಚಿ ಉಸಿರು ಬಿಡಿ, ಎಲ್ಲ ನಿಮ್ಮ ಮನಸ್ಸಿನಲ್ಲೇ ಇದೆ ಅನ್ನುತ್ತಾರೆ. ಉಸಿರಿನ ಬಗ್ಗೆ ನನಗೆ ತಕರಾರಿಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಆದರೆ ಎಲ್ಲ ಮನಸ್ಸಿನಲ್ಲೇ ಇಲ್ಲ. ನನ್ನ ಆ ರಾತ್ರಿಯ ಕೂಗನ್ನೇ ತೆಗೆದುಕೊಳ್ಳಿ. ಅದು ಸೂಪರ್‌ವೈಸರ್ ಕೊಟ್ಟದ್ದು. ಅವನಿಗೆ ಅವನ ಮೇಲಿನವನು ಕೊಟ್ಟಿರಬೇಕು. ನಾನು ಬಿಡದಿಯಿಂದ ಅದನ್ನು ಜತನವಾಗಿ ಹೊತ್ತು ತಂದು ಹೆಂಡತಿಯ ಮೇಲೆ ಇಳಿಸಿದೆ. ಅವಳು ಮರುದಿನ ಹೋಂವರ್ಕ್ ಮಾಡದ ಮಗನ ಬೆನ್ನ ಮೇಲೆ ಒಂದು ಇಳಿಸಿದಳು. ಅವನು ನಾಯಿಗೆ ಕಲ್ಲು ಹೊಡೆದ. ಟೆನ್ಷನ್ ಎಲ್ಲಿಂದ ಬರುತ್ತೆ ಅಂತ ಕೇಳುವವರು ಈ ದಾರಿ ಹಿಡಿದು ಹಿಂದಕ್ಕೆ ನಡೆದು ನೋಡಲಿ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುವ ಗಾದೆ ನನಗೆ ಸೇರದು. ನಿದ್ದೆ ಬರದಿದ್ದರೆ ತಪ್ಪು ನಿನ್ನದೇ ಅನ್ನುವ ದನಿ ಅದರಲ್ಲಿದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಬನ್ನಿ. ದೂರದ ಜಿಲ್ಲೆಗಳಿಂದ, ಆಂಧ್ರ ತಮಿಳುನಾಡಿನಿಂದಲೂ ರೈತರು ಗೂಡು ತರುತ್ತಾರೆ. ಅವರು ಸಂತೆಯಲ್ಲೇ ನಿದ್ದೆ ಮಾಡುತ್ತಾರೆ, ಒಂದು ಕೈ ಚೀಲದ ಮೇಲಿಟ್ಟು. ಆ ನಿದ್ದೆಯನ್ನು ಚಿಂತೆ ಇಲ್ಲದವನ ನಿದ್ದೆ ಅನ್ನುವ ಧೈರ್ಯ ಯಾರಿಗಿದೆ? ಹರಾಜಿನಲ್ಲಿ ಕೆ.ಜಿ.ಗೆ ನಿನ್ನೆ ಇದ್ದ ರೇಟು ಇವತ್ತು ಇಲ್ಲದಿದ್ದರೆ ಒಂದು ತಿಂಗಳ ಜಾಗರಣೆ ಹೊಳೆಗೆ ಹೋಯಿತು.

ನಮ್ಮ ತಾಲ್ಲೂಕಿನವರಿಗೆ ಆನೆಯ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ತೆಂಗಿನಕಲ್ಲು, ಕಬ್ಬಾಳು ಕಾಡಿನ ಕಡೆಯಿಂದ ಆನೆ ಇಳಿದು ಬಾಳೆಗೋ ತೆಂಗಿಗೋ ನುಗ್ಗುವ ರಾತ್ರಿ ಕಾವಲು ಕೂತವರಿಗೆ ಗೊತ್ತು. ಕೊಂಬೆ ಮುರಿದ ಸದ್ದು ಕೇಳಿದ ಕ್ಷಣ ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಕೈ ಬೆವರುತ್ತದೆ, ಎಲ್ಲಿಲ್ಲದ ಕಸುವು ಕಾಲಿಗೆ ಬರುತ್ತದೆ. ಅಡ್ರಿನಲಿನ್ ಅನ್ನುವ ಹಾರ್ಮೋನು ಮಾಡುವ ಕೆಲಸ ಅದು. ಹಿಂದೆಯೇ ಕಾರ್ಟಿಸಾಲ್ ಅನ್ನುವ ಇನ್ನೊಂದು ಬಂದು ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಓಡಲು ಬೇಕಲ್ಲ. ಆನೆ ಕಾಡಿಗೆ ಮರಳಿದ ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯುತ್ತದೆ. ಬೀಡಿ ಹಚ್ಚಿ ನಗುವುದೂ ಉಂಟು. ದೇಹ ಕೆಡುವುದು ಇದರಿಂದಲ್ಲ. 1936ರಲ್ಲಿ ಹಾನ್ಸ್ ಸೆಲ್ಯೆ ಅನ್ನುವ ವಿಜ್ಞಾನಿ ಇಲಿಗಳನ್ನು ನೋಡಿ ಒಂದು ಮಾತು ಕಂಡುಕೊಂಡ: ಚಳಿಯಾಗಲಿ, ಗಾಯವಾಗಲಿ, ವಿಷವಾಗಲಿ, ಕಾರಣ ಏನೇ ಇದ್ದರೂ ದೇಹ ಕೊಡುವ ಉತ್ತರ ಒಂದೇ ಬಗೆಯದು. ಆನೆಗೂ ಅದೇ ಉತ್ತರ, ಬಾಗಿಲು ಬಡಿದ ಸದ್ದಿಗೂ ಅದೇ. ಆದರೆ ಆನೆ ಹೋಗುತ್ತದೆ. ಸಾಲದ ಕಂತು ಪ್ರತಿ ವಾರ ಬರುತ್ತದೆ. ತಿಂಗಳುಗಟ್ಟಲೆ ಆನೆ ಹಿತ್ತಲಲ್ಲೇ ನಿಂತಿದೆ ಅಂದುಕೊಂಡ ದೇಹಕ್ಕೆ ರಕ್ತದೊತ್ತಡ ಇಳಿಸುವ ದಾರಿ ಮರೆಯುತ್ತದೆ, ನಿದ್ದೆ ಮುರಿಯುತ್ತದೆ, ಹೊಟ್ಟೆ ಉರಿಯುತ್ತದೆ, ಸಣ್ಣ ಮಾತಿಗೆ ಅಳು ಬರುತ್ತದೆ.

ಕಂತಿನ ವಿಷಯ ತುಸು ನಿಧಾನವಾಗಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಇವತ್ತು ಹೆಂಗಸರ ನಿದ್ದೆ ಕೆಡಿಸುವ ಮೊದಲ ಕಾರಣ ಅದು ಅಂತ ನನ್ನ ತೀರ್ಪು. ಮೈಕ್ರೋಫೈನಾನ್ಸ್ ಸಾಲಕ್ಕೆ ಒಡವೆ ಬೇಡ, ಪತ್ರ ಬೇಡ. ಬೇಕಾದ್ದು ಅಕ್ಕಪಕ್ಕದ ಹೆಂಗಸರ ಗುಂಪು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಂದರೆ ಒತ್ತೆಗೆ ಇಟ್ಟಿರುವುದು ನೆಂಟತನವನ್ನ, ಕಷ್ಟಕ್ಕೆ ಸೇರು ರಾಗಿ ಕೊಡುವ ಆ ನೆರೆಮನೆಯನ್ನೇ. ಬುಧವಾರ ಬೆಳಗ್ಗೆ ಜಗಲಿಯ ಮೇಲೆ ಕಂತಿನ ಪುಸ್ತಕ ಹಿಡಿದು ಹತ್ತು ಹೆಂಗಸರು ಕೂತಿರುತ್ತಾರೆ. ಒಬ್ಬಳು ಬಂದಿಲ್ಲ. ಫೋನ್ ಸ್ವಿಚ್ ಆಫ್. ವಸೂಲಿಯ ಹುಡುಗ (ಅವನೂ ಯಾವುದೋ ಹಳ್ಳಿಯ ಡಿಗ್ರಿ ಮುಗಿಸಿದ ಮಗನೇ, ಅವನ ಮೇಲೂ ಟಾರ್ಗೆಟ್ ಇದೆ) ದನಿ ಏರಿಸುವ ಅಗತ್ಯವೇ ಇಲ್ಲ. 'ಎಲ್ಲರೂ ಕಟ್ಟೋವರೆಗೂ ಯಾರೂ ಏಳೋ ಹಾಗಿಲ್ಲ' ಅಂದರೆ ಸಾಕು. ಬಾಗಿಲು ಬಡಿಯಲು ಹೋಗುವವಳು ಅವಳದೇ ಗೆಳತಿ. ಬಾಣಂತನದಲ್ಲಿ ಅವಳಿಗೆ ಬಿಸಿನೀರು ಹುಯ್ದವಳು.

ಬಾಗಿಲು ಬಡಿಯಲು ಹೊರಟ ಅಕ್ಕ, ನಿನಗೆ ನನ್ನ ಮೊದಲ ಕರೆ. ಬಡಿಯಬೇಡ ಅನ್ನಲಾರೆ, ನಿನ್ನ ಕಂತೂ ಸಿಕ್ಕಿಕೊಂಡಿದೆ. ಒಳಗೆ ಹೋಗಿ ಕೂರು. 'ಎಷ್ಟಿದೆ ಒಟ್ಟು?' ಅಂತ ಕೇಳು. ಆ ಮಾತನ್ನು ಅವಳನ್ನು ಯಾರೂ ಕೇಳಿಲ್ಲ, ಗಂಡನೂ ಕೇಳಿಲ್ಲ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಎತ್ತಿ, ಅದಕ್ಕೆ ಮೂರನೆಯದರಲ್ಲಿ ಎತ್ತಿ, ತಾನು ಎಷ್ಟು ಕೊಡಬೇಕು ಅನ್ನುವುದು ಅವಳಿಗೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಸಾಲ ಗೊತ್ತಿರುವ ಸಾಲಕ್ಕಿಂತ ಎರಡರಷ್ಟು ಹೆದರಿಸುತ್ತದೆ. ಮಗುವಿನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡಿ: ಯಾರಿಗೆ, ಎಷ್ಟು, ಯಾವ ದಿನ. ಆ ಹಾಳೆ ಸಾಲ ತೀರಿಸುವುದಿಲ್ಲ, ನಿಜ. ಆದರೆ ಅವತ್ತು ರಾತ್ರಿ ಎರಡು ಗಂಟೆ ನಿದ್ದೆ ಹೆಚ್ಚು ತರುತ್ತದೆ.

ಕಾನೂನೂ ಒಂದಿಷ್ಟಿದೆ, ಯಾರೂ ಓದಿ ಹೇಳಿಲ್ಲ ಅಷ್ಟೆ. 2022ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಕೊಡುವ ಇಂಥ ಸಾಲದಲ್ಲಿ, ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಗ್ಗೆ 9ರ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಸ್ನೇಹಿತರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಕಿರುಕುಳ ಕೊಡುವಂತಿಲ್ಲ, ಹೆಸರು ಬಯಲಿಗೆ ಹಾಕುವಂತಿಲ್ಲ. ಕಿರುಕುಳ ತಾಳದೆ ಜನ ಊರು ಬಿಟ್ಟು, ಜೀವವನ್ನೂ ಬಿಟ್ಟ ಸುದ್ದಿ ಬಂದ ಮೇಲೆ 2025ರ ಫೆಬ್ರುವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆಯೂ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದೇ ವರ್ಷ ನಮ್ಮ ಜಿಲ್ಲೆಯ ಹೆಸರು ರಾಮನಗರ ಹೋಗಿ ಬೆಂಗಳೂರು ದಕ್ಷಿಣ ಆಯಿತು. ಬೋರ್ಡು ಬದಲಾಯಿಸಲು ಓಡಾಡಿದ ಉತ್ಸಾಹದ ಕಾಲು ಭಾಗವನ್ನು ಆ 9 ಮತ್ತು 6 ಗಂಟೆಯ ನಿಯಮವನ್ನು ಪಂಚಾಯಿತಿ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಲು ಯಾರಾದರೂ ತೋರಿಸಿದ್ದಾರಾ?

ಗಂಡಸರೇ, ನಿಮಗೂ ಇದೆ. ನಮಗೂ ಅನ್ನಬೇಕು. ನಮ್ಮ ಟೆನ್ಷನ್ನಿಗೆ ಊರ ಮುಂದೆ ಒಂದು ಹೆಸರಿದೆ, ಒಂದು ಅಂಗಡಿಯೂ ಇದೆ. ಎರಡು ಕ್ವಾರ್ಟರ್ ಇಳಿದ ಮೇಲೆ 'ಪಾಪ, ಅವನಿಗೂ ಟೆನ್ಷನ್ನು' ಅನ್ನುತ್ತದೆ ಊರು. ಅವಳಿಗೆ ಟೆನ್ಷನ್ ಬಂದರೆ 'ಮೈಮೇಲೆ ಬಂದಿದೆ' ಅನ್ನುತ್ತದೆ, 'ಜಂಭ' ಅನ್ನುತ್ತದೆ. ಕುಡಿದರೆ ನಿದ್ದೆ ಬರುತ್ತೆ ಅನ್ನುವುದೂ ಅರ್ಧ ನಿಜ. ನಿದ್ದೆ ಹತ್ತಿಸುವುದು ಹೆಂಡವೇ, ನಡುರಾತ್ರಿ ಎಬ್ಬಿಸಿ ಕೂರಿಸುವುದೂ ಹೆಂಡವೇ. ಅದರ ಬಿಲ್ಲು ಮತ್ತೆ ಅವಳ ಕಂತಿನ ಪುಸ್ತಕಕ್ಕೇ ಹೋಗುತ್ತದೆ.

ನಮ್ಮ ಕಷ್ಟ ಸುಳ್ಳಲ್ಲ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣಗಳನ್ನು ಅದು ಪಕ್ಕಕ್ಕೆ ಸರಿಸಿ ಹೋಯಿತು. ಹಳೇ ರಸ್ತೆ ಬದಿಯಲ್ಲಿ ಆಲೆಮರದ ಗೊಂಬೆ ಸಾಲಾಗಿ ನಿಲ್ಲಿಸಿಕೊಂಡು, ನಿಲ್ಲುವ ಕಾರಿಗಾಗಿ ಕಾಯುತ್ತಿದ್ದವರು ಈಗಲೂ ಕಾಯುತ್ತಿದ್ದಾರೆ. ಕಾರುಗಳು ಮೇಲೆ ಹೋಗುತ್ತಿವೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಆ ರಸ್ತೆಯಲ್ಲಿ ಜಾಗವಿಲ್ಲ. ನಮ್ಮ ನೆಲದ ಮೇಲೆ ಹೋಗುವ ರಸ್ತೆ ನಮ್ಮದಲ್ಲ ಅನ್ನುವುದು ಗಂಡಸಿಗೆ ಒಳಗೊಳಗೇ ಕೊರೆಯುತ್ತದೆ, ಒಪ್ಪುತ್ತೇನೆ. ಕೊರೆತವನ್ನು ಮನೆಯೊಳಗೆ ಇಳಿಸಬೇಡಿ ಅನ್ನುವುದಷ್ಟೇ ನನ್ನ ಮಾತು. ಮನೆ ಹೊಕ್ಕುವ ಮುಂಚೆ ಜಗಲಿಯಲ್ಲಿ ಐದು ನಿಮಿಷ ಕೂತು, ಎಳೆದ ಉಸಿರಿಗಿಂತ ಬಿಡುವ ಉಸಿರನ್ನು ಉದ್ದ ಮಾಡಿ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ, ಅದು ನರಗಳ ಲೆಕ್ಕ, ಪವಾಡವೇನಲ್ಲ. ಆಮೇಲೆ ಬರುತ್ತೇನೆ ಅಂದ ಉಸಿರು ಇದೇ. ಆ ರಾತ್ರಿಯ ನಂತರ ನಾನು ಮಾಡುತ್ತಿರುವುದೂ ಇದನ್ನೇ. ಮೊದಮೊದಲು ಹೆಂಡತಿ ಕಿಟಕಿಯಿಂದ ಇಣುಕಿ, ಕುಡಿದು ಬಂದಿರಬೇಕು, ಒಳಗೆ ಬರಲು ಹೆದರುತ್ತಿದ್ದಾನೆ ಅಂದುಕೊಂಡಿದ್ದಳಂತೆ.

ಮಕ್ಕಳ ಮಾತಿಗೆ ಬಂದರೆ ನನಗೆ ಮತ್ತೆ ಹುಳವೇ ನೆನಪಾಗುತ್ತದೆ. ಕೊನೆಗೆ ಏಳುವ ಹುಳಕ್ಕಾಗಿ ಕಾಯುವ ನಾವು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಏನಾಗುತ್ತೇವೆ! ಪಕ್ಕದ ಮನೆಯವಳಿಗೆ 590 ಬಂತು ಅನ್ನುವ ಸುದ್ದಿ ಬೆಳಗ್ಗೆ ಹನ್ನೊಂದಕ್ಕೆ ಗೊತ್ತಾದರೆ ಸಂಜೆಯೊಳಗೆ ನಮ್ಮ ಮಗುವಿಗೆ ಹತ್ತು ಸಲ ಹೇಳಿರುತ್ತೇವೆ. ಯಾವ ಮಗು ಯಾವ ಜ್ವರದಲ್ಲಿ ಕೂತಿದೆ, ಯಾವ ಪೊರೆ ಬಿಡುತ್ತಿದೆ ಅಂತ ನೋಡುವ ಕಣ್ಣು ಹುಳಮನೆಯಿಂದ ಹೊರಗೆ ಬರುವಾಗ ಎಲ್ಲಿ ಹೋಗುತ್ತದೆ? ಮೇಷ್ಟ್ರೇ, ಫೇಲಾದ ಮಗುವಿನ ಮನೆಗೆ ಅವತ್ತೇ ಸಂಜೆ ಹೋಗಿ. ಪಾಸಾದವರ ಮನೆಯ ಪೇಡ ನಾಳೆಯೂ ಕೆಟ್ಟಿರುವುದಿಲ್ಲ.

ಕೆಲವರಿಗೆ ಇಷ್ಟು ಸಾಲದು. ಎರಡು ವಾರ ದಾಟಿದರೂ ನಿದ್ದೆ ಇಲ್ಲ, ಊಟ ಸೇರದು, ಯಾವುದರಲ್ಲೂ ಮನಸ್ಸಿಲ್ಲ, ಇದ್ದು ಏನು ಮಾಡಲಿ ಅನ್ನುವ ಮಾತು ಬಾಯಿಗೆ ಬಂತು ಅಂದರೆ ಅದು ಡಾಕ್ಟರ ಕೆಲಸ. ದೇವಸ್ಥಾನಕ್ಕೆ ಹೋಗಬೇಡಿ ಅಂತ ನಾನು ಅನ್ನುವುದಿಲ್ಲ. ಕೆಂಗಲ್ ಆಂಜನೇಯನಿಗೆ ಕೈಮುಗಿದು ಬಂದರೆ ನನ್ನ ಅವ್ವನಿಗೆ ಮನಸ್ಸು ಹಗುರವಾಗುತ್ತಿತ್ತು. ಕೈಮುಗಿದು ಅಲ್ಲಿಂದಲೇ ಆಸ್ಪತ್ರೆಗೂ ಹೋಗಿ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿದ ರಾಜ್ಯ. ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ಆ ಹೆಸರಿನಲ್ಲಿದೆ. ಅಲ್ಲಿಯ ವೈದ್ಯರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ಹೋಗಿ, ಮಾಮೂಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸುಗಳಿಗೇ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರಲ್ಲೇ ಚಿಕಿತ್ಸೆ ಸಾಧ್ಯ ಅಂತ ತೋರಿಸಿದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ತುಂಬ ಹಬ್ಬಿದ್ದು ಆ ಬಳ್ಳಾರಿ ಮಾದರಿಯಿಂದ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ, ಸಂಖ್ಯೆ 14416. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮಿಸ್ಡ್ ಕಾಲ್ ಕೊಟ್ಟು ಕಾಯಬೇಡಿ, ಮಾತಾಡಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಕೇಳಿ.

ಮತ್ತೊಂದು ಮಾತು, ಪಿಸುಗುಟ್ಟುತ್ತಾ ಹೇಳುವುದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಜೀವ ತೆಗೆದುಕೊಳ್ಳಲು ಹೋಗಿ ಉಳಿದವರನ್ನು ನಾವು ಊರಲ್ಲಿ ನೋಡುವ ನೋಟ ಬದಲಾಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುವುದು ಇಷ್ಟು: ಬೇರೆ ಏನಾದರೂ ಸಾಬೀತಾಗದ ಹೊರತು ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಸರ್ಕಾರದ ಹೊಣೆ. ಶಿಕ್ಷೆ ಕೊಡಬಾರದು ಅಂತ ಪಾರ್ಲಿಮೆಂಟು ಒಪ್ಪಿತು. ನಮ್ಮ ಅರಳಿಕಟ್ಟೆ ಇನ್ನೂ ಒಪ್ಪಿಲ್ಲ. ಆಸ್ಪತ್ರೆಯಿಂದ ಬಂದವಳ ಮನೆ ಮುಂದೆ ಹಾದುಹೋಗುವಾಗ ದನಿ ತಗ್ಗಿಸಿ ಏನೋ ಅಂದುಕೊಳ್ಳುತ್ತೇವಲ್ಲ, ಅದರ ಬದಲು ಒಂದು ಲೋಟ ಮಜ್ಜಿಗೆ ಹಿಡಿದು ಒಳಗೆ ಹೋಗಲು ನಮ್ಮನ್ನು ತಡೆಯುವುದು ಏನು?

ಎಲ್ಲರೂ ಎಲ್ಲವನ್ನೂ ಮಾಡಲಾರರು. ಗೂಡಿನ ರೇಟು ನನ್ನ ಕೈಯಲ್ಲಿಲ್ಲ, ಎಕ್ಸ್‌ಪ್ರೆಸ್‌ವೇ ನಿಮ್ಮ ಕೈಯಲ್ಲಿಲ್ಲ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ದಾಟುವ ಭಾರವನ್ನು ನಮ್ಮ ಸರದಿ ಬಂದಾಗ ಕೆಳಗಿಡುವುದು ನಮ್ಮ ಕೈಯಲ್ಲಿದೆ. ಸೂಪರ್‌ವೈಸರ್ ಅಂದದ್ದು ಜಗಲಿಯಲ್ಲೇ ಉಳಿಯಲಿ. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ರಾತ್ರಿ, ಮಲಗುವ ಮುಂಚಿನ ಸೊಪ್ಪನ್ನು ಗಂಡಸರು ಹಾಕಲಿ. ಹಾಕಲು ಬರುತ್ತದೆ, ಕೈ ಇದೆ. ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮರುದಿನ ಆ ಮನೆಯ ಹೆಂಗಸು ತವರಿಗೆ ಹೋಗಲಿ, ಇಲ್ಲವೇ ಬಾಗಿಲು ಹಾಕಿಕೊಂಡು ಹನ್ನೆರಡು ಗಂಟೆ ಮಲಗಲಿ. ಯಾರೂ ಎಬ್ಬಿಸಬೇಡಿ. ಮುದ್ದೆ ತೊಳಸಲು ಬಾರದಿದ್ದರೆ ಅವತ್ತು ಅನ್ನ ಮಾಡಿಕೊಳ್ಳಿ.

ಮುಂದಿನ ಗ್ರಾಮಸಭೆಗೆ ಬೈರಾಪಟ್ಟಣದಿಂದ ನಾನು ಹೋಗುತ್ತೇನೆ. ಚರಂಡಿ, ಬೀದಿದೀಪ, ಮನೆ ಹಂಚಿಕೆ ಎಲ್ಲ ಮುಗಿದ ಮೇಲೆ ಎದ್ದು ಎರಡು ಮಾತು ಕೇಳಬೇಕಿದೆ: 14416 ಮತ್ತು 9ರಿಂದ 6ರ ನಿಯಮವನ್ನು ಹಾಲಿನ ಡೇರಿಯ ಗೋಡೆಯ ಮೇಲೆ ಬರೆಸಿ, ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಡಂಗುರ ಹೊಡೆಸಿ. ನಿಮ್ಮ ನಿಮ್ಮ ಪಂಚಾಯಿತಿಯಲ್ಲಿ ನೀವೂ ಕೇಳಿ. ಒಬ್ಬನೇ ಎದ್ದು ಕೇಳಿದರೆ ಇವನಿಗೇ ಏನೋ ಆಗಿದೆ ಅನ್ನುತ್ತಾರೆ. ಇಬ್ಬರು ಬನ್ನಿ.